ಹಳೇ ವೈಜ್ಞಾನಿಕ ಕಥೆಗಳ ಮಕ್ಕಳು: ಅವರ ತಲೆಯಲ್ಲಿ ಏನಿದೆ ಅಂತ ಯಾರಾದ್ರೂ ಕೇಳಿದ್ರಾ?

ಸಾಧನಕೇರಿ ಓದುಗ

ಎಲ್ಲರಿಗೂ ನಮಸ್ಕಾರ. ಧಾರವಾಡದ ನಮ್ಮ ಓದುವ ಬಳಗ ಈ ಮಳೆಗಾಲಕ್ಕೆ 1940 ಮತ್ತು 50ರ ದಶಕದ ಇಂಗ್ಲಿಷ್ ವೈಜ್ಞಾನಿಕ ಸಣ್ಣಕಥೆಗಳನ್ನು ಹಿಡಿದಿದೆ. ರಾಕೆಟ್ಟು, ರೋಬೋಟು, ಬೇರೆ ಗ್ರಹ ಎಲ್ಲ ಇವೆ. ಆದರೆ ಓದಿ ಮುಗಿಸಿದ ಮೇಲೂ ಬಿಡದ ಕಥೆಗಳನ್ನು ನೋಡಿದರೆ, ಎಷ್ಟೋ ಕಡೆ ನಟ್ಟನಡುವೆ ಒಂದು ಮಗು ಕೂತಿದೆ.

ಅಮೆರಿಕದ ವೈಜ್ಞಾನಿಕ ಕಥೆಗಾರರ ಸಂಘದವರು 1929ರಿಂದ 1964ರವರೆಗಿನ ಕಥೆಗಳಿಗೆ ತಾವೇ ಮತ ಹಾಕಿ ಒಂದು ಸಂಕಲನ ಮಾಡಿದರು. 1970ರಲ್ಲಿ ಬಂತು. ಅದರ 26 ಕಥೆಗಳಲ್ಲಿ ನಾಲ್ಕು ಪೂರ್ತಿ ಮಕ್ಕಳ ಮೇಲೇ ನಿಂತಿವೆ. ಬರೆಯುವವರೇ ಆರಿಸಿದ ಪಟ್ಟಿ ಅದು, ಅದಕ್ಕೇ ನನಗೆ ಇದು ದೊಡ್ಡ ವಿಷಯ ಅನಿಸುತ್ತದೆ.

ಆ ನಾಲ್ಕರಲ್ಲಿ ಒಂದು 'ಮಿಮ್ಸಿ ವರ್ ದ ಬೋರೊಗೋವ್ಸ್'. ಹೆನ್ರಿ ಕಟ್ನರ್ ಮತ್ತು ಸಿ. ಎಲ್. ಮೂರ್ ದಂಪತಿ ಲೂಯಿಸ್ ಪ್ಯಾಜೆಟ್ ಎಂಬ ಒಂದೇ ಹೆಸರಲ್ಲಿ 1943ರಲ್ಲಿ ಬರೆದದ್ದು. ಕೊನೆಯನ್ನೂ ಹೇಳಿಬಿಡುತ್ತೇನೆ, ಓದದವರು ಇಲ್ಲಿ ನಿಲ್ಲಿ. ತುಂಬಾ ಮುಂದಿನ ಕಾಲದ ಒಬ್ಬ ವಿಜ್ಞಾನಿ ತನ್ನ ಯಂತ್ರ ನಡೆಯುತ್ತದೋ ಇಲ್ಲವೋ ನೋಡಲು, ಮಗನ ಹಳೇ ಆಟಿಕೆಗಳನ್ನು ತುಂಬಿದ ಪೆಟ್ಟಿಗೆಯನ್ನು ಹಿಂದಿನ ಕಾಲಕ್ಕೆ ಕಳಿಸುತ್ತಾನೆ. ಅದು ಶಾಲೆ ತಪ್ಪಿಸಿ ತಿರುಗುತ್ತಿದ್ದ ಏಳು ವರ್ಷದ ಸ್ಕಾಟ್ ಕೈಗೆ ಸಿಗುತ್ತದೆ. ಅವನ ತಂಗಿ ಎಮಾಗೆ ಎರಡು ವರ್ಷ. ಪೆಟ್ಟಿಗೆಯಲ್ಲಿ ತಂತಿಗೆ ಪೋಣಿಸಿದ ಮಣಿಗಳ ಒಂದು ಚೌಕಟ್ಟು ಇದೆ. ಮಣಿ ಹೋಗುವ ದಾರಿ ಅಪ್ಪನ ಕಣ್ಣಿಗೆ ಅರ್ಥವೇ ಆಗುವುದಿಲ್ಲ. ಮಕ್ಕಳಿಗೆ ಸಲೀಸು. ಬಿಚ್ಚಿ ಜೋಡಿಸುವ ಒಂದು ಗೊಂಬೆಯೂ ಇದೆ. ಅದರ ಹೊಟ್ಟೆಯೊಳಗಿನ ಅಂಗಗಳು ಮನುಷ್ಯರವಲ್ಲ.

ಆಟ ಆಡುತ್ತಾ ಆಡುತ್ತಾ ಮಕ್ಕಳು ಯೋಚಿಸುವ ರೀತಿಯೇ ಬದಲಾಗುತ್ತದೆ. ಎಮಾ ಗೀಚಿದ್ದನ್ನು ಸ್ಕಾಟ್ ಓದುತ್ತಾನೆ. ಗಾಬರಿಯಾದ ಅಪ್ಪ ಅಮ್ಮ ಒಬ್ಬ ಮನೋವಿಜ್ಞಾನಿಯನ್ನು ಕರೆಸುತ್ತಾರೆ. ಅವನು ಹೇಳುವುದು ಇಷ್ಟು: ದೊಡ್ಡವರು ಶಾಲೆಯಲ್ಲಿ ಕಲಿಯುವ ಯೂಕ್ಲಿಡ್‌ನ ರೇಖಾಗಣಿತಕ್ಕೆ ಒಗ್ಗಿಹೋಗಿದ್ದಾರೆ, ಮಕ್ಕಳು ಇನ್ನೂ ಒಗ್ಗಿಲ್ಲ. ಆಟಿಕೆ ಕಸಿದು ಇಡುತ್ತಾರೆ. ಅಷ್ಟರಲ್ಲಿ ತಡವಾಗಿರುತ್ತದೆ. ಇನ್ನೊಂದು ಪೆಟ್ಟಿಗೆ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಆಲಿಸ್ ಎಂಬ ಹುಡುಗಿಗೆ ಸಿಕ್ಕಿತ್ತು. ಅವಳ ಬಾಯಿಂದ ಬಂದ ಸಾಲುಗಳೇ, 'ಆಲಿಸ್' ಪುಸ್ತಕಗಳನ್ನು ಬರೆದ ಲೂಯಿಸ್ ಕ್ಯಾರಲ್‌ನ 'ಜಾಬರ್‌ವಾಕಿ' ಎಂಬ ಅರ್ಥವಿಲ್ಲದ ಪದ್ಯ, ಅಂತ ಕಥೆ ಕಲ್ಪಿಸುತ್ತದೆ. ಕಥೆಯ ಹೆಸರೂ ಆ ಪದ್ಯದ್ದೇ. ಆ ಪದ್ಯದಲ್ಲಿ ಸ್ಕಾಟ್ ಮತ್ತು ಎಮಾಗೆ ದಾರಿ ಕಾಣುತ್ತದೆ. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿರುವಾಗಲೇ ಇಬ್ಬರೂ ಹೊರಟುಹೋಗುತ್ತಾರೆ.

ನನ್ನ ಮಾತು ಇದು. ಈ ಕಥೆಗಳು ವಿಚಿತ್ರ ಮಕ್ಕಳ ಬಗ್ಗೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಮಗು ಬೇರೆ ಥರ ಯೋಚಿಸುತ್ತದೆ ಎನ್ನುವುದನ್ನು ಕಥೆ ಮೊದಲ ಪುಟದಲ್ಲೇ ಒಪ್ಪಿಕೊಂಡಿರುತ್ತದೆ. ಉಳಿದ ಪುಟಗಳೆಲ್ಲ ಒಂದೇ ಪ್ರಶ್ನೆ ಕೇಳುತ್ತವೆ: ಮನೆಯ ದೊಡ್ಡವರು ಆ ಮಗುವಿನ ಪಕ್ಕ ಕೂತು, ಏನು ಮಾಡ್ತಿದ್ದೀ, ನನಗೂ ತೋರಿಸು ಅಂದ್ರಾ? ನಿಮಗೇನನಿಸುತ್ತದೆ?

ಹಳೇ ಹುಬ್ಬಳ್ಳಿ

ಸರ, ನಾನು ಒಪ್ಪೋದಿಲ್ಲ. ಬರೆದವರೆಲ್ಲ ದೊಡ್ಡವರು. ಓದಿದವರೂ ಜಾಸ್ತಿ ದೊಡ್ಡವರೇ. ಇವು ದೊಡ್ಡವರ ಭಯದ ಕಥೆಗಳು. ಮಗು ಸುಮ್ನೆ ಒಂದು ನೆಪ.

ಜೆರೋಮ್ ಬಿಕ್ಸ್‌ಬಿಯ 'ಇಟ್ಸ್ ಎ ಗುಡ್ ಲೈಫ್' ತಗೊಳ್ಳಿ. 1953ರದ್ದು. ಆಂಟನಿಗೆ ಮೂರು ವರ್ಷ. ಮನಸ್ಸಲ್ಲಿ ಅಂದುಕೊಂಡದ್ದು ನಡೆಯುತ್ತದೆ. ಊರವರ ಮನಸ್ಸಲ್ಲಿ ಏನಿದೆ ಅನ್ನುವುದೂ ಅವನಿಗೆ ಕೇಳಿಸುತ್ತದೆ. ಊರನ್ನೇ ಪ್ರಪಂಚದಿಂದ ಕಿತ್ತು ಬೇರೆ ಮಾಡಿಬಿಟ್ಟಿದ್ದಾನೆ. ಅವನಿಗೆ ಸಿಟ್ಟು ಬರಬಾರದು ಅಂತ ಎಲ್ಲರೂ ಏನೇ ಆದರೂ ಚೆನ್ನಾಗಿದೆ, ಚೆನ್ನಾಗಿದೆ ಅಂತಲೇ ಇರಬೇಕು. ಹುಟ್ಟುಹಬ್ಬದ ದಿನ ಕುಡಿದು ಬಾಯಿಬಿಟ್ಟ ಒಬ್ಬನನ್ನು ಆಂಟನಿ ಮುಗಿಸಿ ಜೋಳದ ಹೊಲದಲ್ಲಿ ಹೂತುಬಿಡುತ್ತಾನೆ, ನೆನಪಿದೆಯಲ್ಲ. ಇಲ್ಲಿ ಪಕ್ಕ ಕೂತು ಕೇಳಿ ಏನು ಪ್ರಯೋಜನ? ಕೇಳುವವರೇ ಉಳಿಯೋದಿಲ್ಲ.

ಕಾಲವನ್ನೂ ನೋಡಿ. 1945ರಲ್ಲಿ ಹಿರೋಶಿಮಾ, ನಾಗಸಾಕಿ ಆಯಿತು. ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಮನೆಮನೆಗೂ ಮಕ್ಕಳು ಹುಟ್ಟಿದರು. ಈ ಎರಡೂ ಕೂಡಿದ ಕಡೆ ಇಂಥ ಎಷ್ಟೋ ಕಥೆಗಳು ಹುಟ್ಟಿವೆ. ಜೂಡಿತ್ ಮೆರಿಲ್ 1948ರಲ್ಲಿ ಬರೆದ 'ದಟ್ ಓನ್ಲಿ ಎ ಮದರ್' ಓದಿದರೆ ಇನ್ಯಾವ ಸಾಕ್ಷಿಯೂ ಬೇಡ. ಹತ್ತು ತಿಂಗಳ ಕೂಸು ದೊಡ್ಡವರಂತೆ ಮಾತಾಡುತ್ತದೆ, ಹಾಡುತ್ತದೆ. ತಾಯಿಗೆ ಹೆಮ್ಮೆಯೋ ಹೆಮ್ಮೆ. ಯುದ್ಧದ ಕೆಲಸದಿಂದ ಮನೆಗೆ ಬಂದ ಅಪ್ಪ ಮಗುವನ್ನು ಎತ್ತಿಕೊಂಡಾಗ ಗೊತ್ತಾಗುತ್ತದೆ, ಕೈಕಾಲುಗಳೇ ಇಲ್ಲ. ವಿಕಿರಣದ ಫಲ. ತಾಯಿಗೆ ಅದು ಕಂಡೇ ಇಲ್ಲ.

ಉಣಕಲ್ ಅಕ್ಕ

ಅಣ್ಣಾ, ಆ ಕೊನೆಯ ಕಥೆಯನ್ನು ನೀವು ಭಯದ ಕಥೆ ಅಂದಿರಿ. ನಾನು ಎರಡು ಮಕ್ಕಳ ತಾಯಿ. ನನಗೆ ಅಲ್ಲಿ ಬೇರೆಯದೇ ಕಂಡಿತು.

ಆ ಕೂಸಿನ ಮನಸ್ಸನ್ನು ಪೂರ್ತಿ ಕಂಡವಳು ತಾಯಿ ಮಾರ್ಗರೆಟ್ ಒಬ್ಬಳೇ. ಅದರ ಮಾತು, ಅದರ ಜಾಣತನ, ಅದರ ಹಾಡು. ದೇಹ ಅವಳಿಗೆ ಕಂಡಿಲ್ಲ, ಸರಿ. ಆದರೆ ಅಪ್ಪನಿಗೆ ಒಂದೇ ಕ್ಷಣದಲ್ಲಿ ದೇಹ ಮಾತ್ರ ಕಂಡಿತು. ಮನಸ್ಸು ಕಾಣದೇ ಹೋಯಿತು. ಆ ಕಥೆಯಲ್ಲಿ ಅಂಥ ಕೂಸುಗಳನ್ನು ಅಪ್ಪಂದಿರೇ ಕೊಲ್ಲುತ್ತಿರುವ ಸುದ್ದಿಯೂ ಬರುತ್ತದೆ. ಕೊನೆಯ ಸಾಲಲ್ಲಿ ಅವನ ಬೆರಳು ಬಿಗಿಯಾಗುವಾಗ ನನಗೆ ಉಸಿರು ಕಟ್ಟಿತು. ತಾಯಿ ಕುರುಡಿ, ಅಪ್ಪ ಕಣ್ಣಿದ್ದವನು ಅಂತ ಓದುವವರಿದ್ದಾರೆ. ಇಬ್ಬರೂ ಅರ್ಧ ಅರ್ಧ ನೋಡಿದವರು. ಅವಳು ನೋಡಿದ ಅರ್ಧವೇ ಮಗುವನ್ನು ಉಳಿಸುವಂಥದ್ದು.

ಒಂದು ಸ್ವಂತ ವಿಷಯ ಹೇಳುತ್ತೇನೆ. ನನ್ನ ದೊಡ್ಡ ಮಗ ಬರೆಯುವಾಗ ಅಕ್ಷರ ತಿರುಗಿಸಿ ಬರೆಯುತ್ತಿದ್ದ. ಅವನ ಆಗಿನ ಶಾಲೆಯಲ್ಲಿ ಮಂದ ಅಂತ ಹೇಳಿ ಹಿಂದಿನ ಬೆಂಚಿಗೆ ಕೂರಿಸಿದರು. ಮನೆಯಲ್ಲಿ ಅದೇ ಹುಡುಗ ಹಳೇ ರೇಡಿಯೊ ಬಿಚ್ಚಿ, ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಚಿತ್ರ ಬಿಡಿಸುತ್ತಿದ್ದ. ನಾನು ಆ ಚಿತ್ರ ತೋರಿಸಲು ಹೋದಾಗ ಯಾರೂ ಕೈಗೆ ತಗೊಂಡು ನೋಡಲಿಲ್ಲ. ಸಾಧನಕೇರಿ ಸರ್ ಕೇಳಿದ ಪ್ರಶ್ನೆ ನನಗೆ ಹೊಸದಲ್ಲ.

ಸಪ್ತಾಪುರ ಸೈಕಾಲಜಿ

ನಾನು ಮನಃಶಾಸ್ತ್ರದಲ್ಲಿ ಎಂಎ ಓದುತ್ತಿದ್ದೇನೆ. ಈ ಚರ್ಚೆ ನೋಡಿ ಖುಷಿಯಾಯಿತು.

'ಮಿಮ್ಸಿ'ಯ ಮನೋವಿಜ್ಞಾನಿ ಹೇಳುವ ಮಾತು ಆ ಕಾಲಕ್ಕೆ ಗಾಳಿಯಲ್ಲಿದ್ದ ಮಾತೇ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ 1920ರ ದಶಕದಿಂದಲೇ ಮಕ್ಕಳ ಯೋಚನೆ ಬಗ್ಗೆ ಬರೆಯುತ್ತಿದ್ದರು. ಅವರ ಮುಖ್ಯ ಮಾತು, ಮಗು ಅಂದರೆ ಕಡಿಮೆ ತಿಳಿದ ದೊಡ್ಡ ಮನುಷ್ಯ ಅಲ್ಲ. ಅದರ ಯೋಚನೆಗೆ ಅದರದೇ ಕಟ್ಟು ಇದೆ. ನೀರಿನ ಪ್ರಯೋಗ ಬಹಳ ಜನಕ್ಕೆ ಗೊತ್ತು. ಎರಡು ಅಗಲ ಲೋಟಗಳಲ್ಲಿ ಸಮ ನೀರು ಹಾಕಿ, ಒಂದರ ನೀರನ್ನು ಮಗುವಿನ ಕಣ್ಣೆದುರೇ ಉದ್ದನೆಯ ಸಪೂರ ಲೋಟಕ್ಕೆ ಸುರಿದು ಈಗ ಯಾವುದರಲ್ಲಿ ಜಾಸ್ತಿ ಅಂತ ಕೇಳಿ. ಐದು ವರ್ಷದ ಮಗು ಉದ್ದ ಲೋಟ ತೋರಿಸುತ್ತದೆ. ಏಳೆಂಟು ವರ್ಷಕ್ಕೆ ಎರಡೂ ಅಷ್ಟೇ ಅನ್ನುತ್ತದೆ.

ನನಗೆ ಇಷ್ಟವಾದದ್ದು ಪಿಯಾಜೆ ಕೆಲಸ ಮಾಡಿದ ರೀತಿ. ಮೊದಲು ಪ್ಯಾರಿಸ್ಸಿನಲ್ಲಿ ಬುದ್ಧಿ ಪರೀಕ್ಷೆಗಳ ಕೆಲಸದಲ್ಲಿದ್ದರು. ಅಲ್ಲಿ ಸರಿ ಉತ್ತರ ಎಣಿಸುವುದಕ್ಕಿಂತ, ಮಕ್ಕಳು ಯಾಕೆ ಒಂದೇ ಥರ ತಪ್ಪು ಮಾಡುತ್ತಾರೆ ಅನ್ನುವುದು ಅವರನ್ನು ಹಿಡಿಯಿತು. ಆಮೇಲೆ ಮಕ್ಕಳ ಜೊತೆ ಕೂತು ಮಾತಾಡಿ, ಯಾಕೆ ಹಾಗಂದೆ, ಹೇಗೆ ಗೊತ್ತು ಅಂತ ಕೇಳುತ್ತಾ ಹೋದರು. ಉಣಕಲ್ ಅಕ್ಕ ಆ ರೇಡಿಯೊ ಚಿತ್ರ ತೋರಿಸಲು ಹೋಗಿದ್ದು ಅಂಥ ಒಬ್ಬರನ್ನು ಹುಡುಕಿಕೊಂಡೇ.

ಒಂದು ವ್ಯತ್ಯಾಸ ಮಾತ್ರ ಹೇಳಲೇಬೇಕು. ಪಿಯಾಜೆಯ ಮಗು ಕೊನೆಗೆ ನಮ್ಮ ಕಡೆಗೇ ನಡೆದು ಬರುತ್ತದೆ, ನಮ್ಮಂತೆ ಯೋಚಿಸಲು ಕಲಿಯುತ್ತದೆ. ಕಟ್ನರ್ ಮತ್ತು ಮೂರ್ ಕೇಳಿದ್ದು ಬೇರೆ: ಆ ದಾರಿ ಒಂದೇ ಅಂತ ಯಾರು ಹೇಳಿದ್ದು? ಬೇರೆ ಆಟಿಕೆ ಕೊಟ್ಟರೆ ಬೇರೆ ಕಡೆ ಹೋಗಬಹುದಲ್ವಾ?

ಗದಗ ಗಣಿತ ಮಾಸ್ತರ

ಆಟಿಕೆ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ಮಾರ್ಕ್ ಕ್ಲಿಫ್ಟನ್‌ರ 'ಸ್ಟಾರ್, ಬ್ರೈಟ್' 1952ರ ಕಥೆ. ಹೆಂಡತಿ ತೀರಿಕೊಂಡ ಒಬ್ಬ ಅಪ್ಪ ಹೇಳುವ ಕಥೆ ಅದು. ಅವನ ಮೂರು ವರ್ಷದ ಮಗಳು ಸ್ಟಾರ್ ಒಂದು ದಿನ ಕಾಗದ ಕತ್ತರಿಸಿ, ತಿರುಚಿ, ಅಂಟಿಸಿ, ಅದರ ಮೇಲೆ ಬೆರಳು ಓಡಿಸುತ್ತಾ ಕೂತಿರುತ್ತಾಳೆ. ಅಪ್ಪ ನೋಡಿದರೆ ಅದು ಮೋಬಿಯಸ್ ಪಟ್ಟಿ.

ಇದನ್ನು ನೀವೂ ಮಾಡಿ ನೋಡಿ. ಪೇಪರಿನ ಒಂದು ಉದ್ದ ಪಟ್ಟಿ ತಗೊಂಡು ಒಂದು ತುದಿಯನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಂದು ತುದಿಗೆ ಅಂಟಿಸಿ. ಈಗ ಪೆನ್ಸಿಲ್ ಎತ್ತದೆ ನಡುವೆ ಗೆರೆ ಎಳೆಯುತ್ತಾ ಹೋಗಿ. ಪಟ್ಟಿಯ ಎರಡೂ ಕಡೆ ಗೆರೆ ಮೂಡಿ, ಹೊರಟ ಜಾಗಕ್ಕೇ ಬರುತ್ತದೆ. ಅಂದರೆ ಅದಕ್ಕೆ ಇರುವುದು ಒಂದೇ ಮುಖ. ಅದೇ ಗೆರೆ ಹಿಡಿದು ಕತ್ತರಿಸಿದರೆ ಎರಡು ಬಳೆ ಆಗಬೇಕು ಅಂತ ನಮಗನಿಸುತ್ತದೆ. ಆಗುವುದಿಲ್ಲ. ಒಂದೇ ಉದ್ದನೆಯ ಬಳೆ ಆಗುತ್ತದೆ. ಜರ್ಮನಿಯ ಮೋಬಿಯಸ್ ಇದನ್ನು ಕಂಡದ್ದು 1858ರಲ್ಲಿ.

ನಾನು ಇದನ್ನು ಏಳನೇ ತರಗತಿಯಲ್ಲೂ ಮಾಡಿಸಿದ್ದೇನೆ, ಬಿಎಡ್ ಮಾಡುವವರಿಗೂ ತೋರಿಸಿದ್ದೇನೆ. ದೊಡ್ಡವರು ಕತ್ತರಿಸಿದ ಮೇಲೆ ಎಲ್ಲೋ ತಪ್ಪಾಯಿತು ಅಂತ ಮತ್ತೆ ಅಂಟಿಸಲು ಶುರು ಮಾಡುತ್ತಾರೆ. ಮಕ್ಕಳು ಹಾಗಲ್ಲ. ಮಾಸ್ತರ, ಇದನ್ನ ಇನ್ನೊಮ್ಮೆ ಕತ್ತರಿಸ್ಲಾ ಅಂತ ಕೇಳುತ್ತಾರೆ. ಆಗ ಒಂದರೊಳಗೆ ಒಂದು ಸಿಕ್ಕಿಕೊಂಡ ಎರಡು ಬಳೆ ಬರುತ್ತವೆ. ತರಗತಿ ಪೂರ್ತಿ ಕೂಗಾಟ.

'ಸ್ಟಾರ್, ಬ್ರೈಟ್'ನ ಅಪ್ಪ ನನಗೆ ಬಹಳ ಹತ್ತಿರದವನು ಅನಿಸುತ್ತಾನೆ. ಅವನು ಕೇಳುತ್ತಾನೆ, ನೋಡುತ್ತಾನೆ, ಪ್ರೀತಿಯೂ ಇದೆ. ಆದರೂ ಮಗಳು ಮತ್ತು ಪಕ್ಕದ ಮನೆಯ ಹುಡುಗ ಅವನಿಗೆ ಹೋಗಲಾಗದ ಕಡೆ ಹೋಗುತ್ತಾರೆ. ಹಾಗಾಗಿ ಸಾಧನಕೇರಿಯವರ ಮಾತಿಗೆ ಒಂದು ತೊಡಕು ಇದೆ. ಪಕ್ಕ ಕೂತು ಕೇಳಿದರೂ ಮಗು ಹೋಗಬಹುದು.

ಸಾಧನಕೇರಿ ಓದುಗ

ಮಾಸ್ತರ, ಒಳ್ಳೇ ತೊಡಕು ತಂದಿರಿ. ಆದರೆ ಎರಡು ಕಥೆಗಳ ಕೊನೆಯನ್ನು ಪಕ್ಕಪಕ್ಕ ಇಟ್ಟು ನೋಡಿ. 'ಮಿಮ್ಸಿ'ಯ ಅಪ್ಪನಿಗೆ ಮಕ್ಕಳು ಎಲ್ಲಿ ಹೋದರು ಅಂತ ಎಂದಿಗೂ ತಿಳಿಯುವುದಿಲ್ಲ. ಹೋಗಲು ಮಕ್ಕಳು ನೆಲದ ಮೇಲೆ ಜೋಡಿಸಿದ್ದ ಕಲ್ಲು, ಮೇಣದ ಚೂರು ಅವನಿಗೆ ಬರೀ ಕಸ. 'ಸ್ಟಾರ್, ಬ್ರೈಟ್'ನ ಅಪ್ಪ ಹಿಂದೆ ಹೋಗಲು ಪ್ರಯತ್ನ ಪಡುತ್ತಾನೆ. ಕೇಳಿದ್ದಕ್ಕೆ ಅವನಿಗೆ ಅಷ್ಟಾದರೂ ದಾರಿ ಗೊತ್ತಿದೆ. ಮಗುವನ್ನು ಹಿಡಿದು ಇಟ್ಟುಕೊಳ್ಳುವುದು ಬೇರೆ, ಅರ್ಥ ಮಾಡಿಕೊಳ್ಳುವುದು ಬೇರೆ. ನಾನು ಹೇಳಿದ್ದು ಎರಡನೆಯದು.

ಆಂಟನಿ ಬಗ್ಗೆಯೂ ಒಂದು ಮಾತು. ಮೂರು ವರ್ಷದ ಯಾವ ಮಗುವಿನಲ್ಲಿ ಸಿಟ್ಟು ಇಲ್ಲ? ಆಂಟನಿ ಕೆಟ್ಟವನಲ್ಲ. ತೋಪಿಗೆ ಬರುವ ಸಣ್ಣ ಪ್ರಾಣಿಗಳಿಗೆ, ಹಕ್ಕಿಗೆ ಅವನು ಒಳ್ಳೆಯದನ್ನೇ ಮಾಡಲು ನೋಡುತ್ತಾನೆ, ಏಕೆಂದರೆ ಅವುಗಳ ಆಸೆ ಸಣ್ಣದು, ನೇರ. ಜನರ ಮನಸ್ಸು ಅವನಿಗೆ ಗೋಜಲು. ಹುಟ್ಟಿದಾಗಿನಿಂದ ಅವನ ಎದುರು ಯಾರೂ ಒಂದು ನಿಜ ಮಾತಾಡಿಲ್ಲ. ಬೇಡ ಅನ್ನುವ ಮಾತನ್ನೇ ಕೇಳದ ಮಗು ಅದು.

ಹಳೇ ಹುಬ್ಬಳ್ಳಿ

ಬೇಡ ಅಂದವರೆಲ್ಲ ಜೋಳದ ಹೊಲ ಸೇರಿದರಲ್ಲ ಸರ. ಊರವರಿಗೆ ಬೇರೆ ದಾರಿ ಎಲ್ಲಿತ್ತು? ಆ ಕಥೆಯ ವಿಷಯದಲ್ಲಿ ನಾನು ನನ್ನ ಮಾತು ಬಿಡುವುದಿಲ್ಲ.

ಆದರೆ ರೇ ಬ್ರ್ಯಾಡ್‌ಬರಿಯ ಕಥೆಗಳಿಗೆ ನಿಮ್ಮ ಮಾತು ಒಪ್ಪುತ್ತದೆ. 1947ರ 'ಝೀರೋ ಅವರ್'ನಲ್ಲಿ ಏಳು ವರ್ಷದ ಮಿಂಕ್ ದಾಳಿಯ ಆಟ ಆಡುತ್ತಾ ಎಲ್ಲವನ್ನೂ ಅಮ್ಮನಿಗೆ ಹೇಳುತ್ತಾಳೆ. ಡ್ರಿಲ್ ಅನ್ನುವ ಗೆಳೆಯ ಬರುತ್ತಾನೆ, ದೊಡ್ಡವರು ನಂಬುವುದಿಲ್ಲ, ಅದಕ್ಕೇ ಅವರು ಮಕ್ಕಳ ಮೂಲಕ ಬರುತ್ತಾರೆ ಅಂತ ಬಿಡಿಸಿ ಬಿಡಿಸಿ ಹೇಳುತ್ತಾಳೆ. ಗುಟ್ಟು ಅನ್ನುವುದೇ ಇಲ್ಲ. ಅಮ್ಮ ನಗುತ್ತಾ ಊಟಕ್ಕೆ ಕರೆಯುತ್ತಾಳೆ. ಬೇರೆ ಲೋಕದವರು ಕಂಡುಕೊಂಡ ಆಯುಧ ಅಂದರೆ ದೊಡ್ಡವರ ಗಮನ ಇಲ್ಲದಿರುವುದು. 1950ರ 'ದ ವೆಲ್ಟ್'ನಲ್ಲಂತೂ ಮಕ್ಕಳು ಏನು ಯೋಚಿಸುತ್ತಿದ್ದಾರೆ ಅನ್ನುವುದು ಕೋಣೆಯ ಗೋಡೆಗಳ ಮೇಲೇ ಕಾಣುತ್ತದೆ. ಸಿಂಹಗಳು ಏನೋ ತಿನ್ನುತ್ತಿವೆ. ಗೋಡೆ ಮೇಲೆ ಬರೆದಿಟ್ಟರೂ ಅಪ್ಪ ಅಮ್ಮ ಓದುವುದು ತಡ.

ಹಾವೇರಿಯ ಹುಡುಗ

ಬ್ರ್ಯಾಡ್‌ಬರಿ ಅಂದ ಮೇಲೆ 'ಆಲ್ ಸಮ್ಮರ್ ಇನ್ ಎ ಡೇ' ಬಿಡಬೇಡಿ. 1954ರದ್ದು. ಶುಕ್ರ ಗ್ರಹದಲ್ಲಿ ಸದಾ ಮಳೆ. ಏಳು ವರ್ಷಕ್ಕೊಮ್ಮೆ ಸ್ವಲ್ಪ ಹೊತ್ತು ಬಿಸಿಲು. ಭೂಮಿಯಿಂದ ಬಂದ ಮಾರ್ಗೊಟ್‌ಗೆ ಮಾತ್ರ ಸೂರ್ಯ ನೆನಪಿದೆ. ಉಳಿದ ಮಕ್ಕಳು ಅವಳನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಬಿಸಿಲು ಬಂದು ಹೋಗುತ್ತದೆ. ಆಮೇಲೆ ಅವಳ ನೆನಪಾಗುತ್ತದೆ.

ಶುಕ್ರದ ಮೋಡದ ಕೆಳಗೆ ಮಳೆಕಾಡು ಇರಬಹುದು ಅಂತ ಆಗ ಬಹಳ ಜನ ಊಹಿಸುತ್ತಿದ್ದರು. 1962ರ ಕೊನೆಗೆ ಅಮೆರಿಕದ ಬಾಹ್ಯಾಕಾಶ ನೌಕೆ ಮರೀನರ್ 2 ಹತ್ತಿರ ಹೋದಾಗ ಅಲ್ಲಿ ಭಾರೀ ಶಾಖ ಇರುವುದು ಗೊತ್ತಾಯಿತು. ನೆಲದ ಮೇಲೆ ಸುಮಾರು 460 ಡಿಗ್ರಿ ಸೆಲ್ಸಿಯಸ್. ವಿಜ್ಞಾನ ಹಳೆಯದಾಯಿತು, ಆ ತರಗತಿ ಹಳೆಯದಾಗಲಿಲ್ಲ. ಇಲ್ಲಿ ಯಾರಿಗೂ ವಿಶೇಷ ಶಕ್ತಿ ಇಲ್ಲ. ಒಂದು ಹುಡುಗಿಗೆ ಬೇರೆಯವರಿಗಿಲ್ಲದ ಒಂದು ನೆನಪಿದೆ, ಅಷ್ಟೇ. ಅಷ್ಟಕ್ಕೇ ಮಕ್ಕಳು ಸಹಿಸುವುದಿಲ್ಲ. ಇಲ್ಲಿಯವರೆಗೆ ಎಲ್ಲರೂ ದೊಡ್ಡವರು ಮತ್ತು ಮಕ್ಕಳು ಅಂತ ಎರಡು ಗುಂಪು ಮಾಡಿದಿರಿ. ಮಕ್ಕಳೇ ಮಕ್ಕಳ ಮನಸ್ಸು ನೋಡದಿರುವುದೂ ಇದೆ. ನಾನು ಹಳ್ಳಿ ಶಾಲೆಯಿಂದ ಪೇಟೆ ಶಾಲೆಗೆ ಬಂದವನು, ನನಗೆ ಅದು ಚೆನ್ನಾಗಿ ಗೊತ್ತು.

ಉಣಕಲ್ ಅಕ್ಕ

ತಮ್ಮಾ, ಅದನ್ನು ಬರೆದದ್ದು ಒಳ್ಳೇದಾಯಿತು.

ವಿಲ್ಮಾರ್ ಶಿರಾಸ್ ಬರೆದ 'ಇನ್ ಹೈಡಿಂಗ್' ಯಾರೂ ಹೇಳಲಿಲ್ಲ. 1948ರ ಕಥೆ. ಹದಿಮೂರು ವರ್ಷದ ಟಿಮ್ ಅಸಾಧಾರಣ ಬುದ್ಧಿವಂತ. ಅವನ ತಂದೆ ತಾಯಿ ಅಣುಕೇಂದ್ರದ ಅಪಘಾತದಿಂದಾಗಿ ಸತ್ತವರು. ಅವನು ತನ್ನ ಬುದ್ಧಿಯನ್ನು ಬಚ್ಚಿಟ್ಟುಕೊಂಡಿದ್ದಾನೆ. ಶಾಲೆಯಲ್ಲಿ ಬೇಕಂತಲೇ ಸಾಧಾರಣ ಅಂಕ ತಗೊಳ್ಳುತ್ತಾನೆ. ಮನೆಯಲ್ಲಿ ಗುಟ್ಟಾಗಿ ಬೇರೆ ಹೆಸರಲ್ಲಿ ಪತ್ರಿಕೆಗೆ ಬರೆಯುತ್ತಾನೆ, ಬೆಕ್ಕುಗಳ ತಳಿ ಮೇಲೆ ಪ್ರಯೋಗ ಮಾಡುತ್ತಾನೆ. ಡಾಕ್ಟರ್ ವೆಲ್ಸ್ ಎಂಬ ಮನೋವೈದ್ಯ ಅವನನ್ನು ಒತ್ತಾಯ ಮಾಡುವುದಿಲ್ಲ. ಕಾಯುತ್ತಾನೆ. ನಿಧಾನವಾಗಿ ಹುಡುಗ ಬಾಯಿ ಬಿಡುತ್ತಾನೆ. ಇಡೀ ಕಥೆಯಲ್ಲಿ ನಡೆಯುವುದು ಇಷ್ಟೇ, ಇಬ್ಬರ ಮಾತುಕತೆ. ಯಾರೂ ಸಾಯುವುದಿಲ್ಲ, ಯಾರೂ ಮಾಯವಾಗುವುದಿಲ್ಲ.

ಧಾರವಾಡದಲ್ಲಿ ಕೂತು ಇದನ್ನು ಓದುವಾಗ ಮನಸ್ಸು ತಡೆಯಲಿಲ್ಲ. ನಮ್ಮಲ್ಲಿ ಸಪ್ತಾಪುರದ ತುಂಬ ಕೋಚಿಂಗ್ ಕ್ಲಾಸುಗಳು. ರ‍್ಯಾಂಕ್ ಬಂದ ಮಕ್ಕಳ ಮುಖ ಫ್ಲೆಕ್ಸ್ ಮೇಲೆ. ಇಲ್ಲಿ ಬುದ್ಧಿ ಬಚ್ಚಿಡಲು ಯಾರೂ ಬಿಡುವುದಿಲ್ಲ, ಹೊರಗೆ ಎಳೆದು ತೂಗುತ್ತಾರೆ. ಅಷ್ಟು ತೂಗಿದ ಮೇಲೂ ಆ ಮಗುವಿಗೆ ಏನು ಇಷ್ಟ ಅಂತ ಕೇಳಿದರೆ ಮನೆಯವರಿಗೆ ಗೊತ್ತಿರುವುದಿಲ್ಲ. ಇದು ನನಗೆ ತುಂಬಾ ನೋವು ಕೊಡುವ ವಿಷಯ.

ಗದಗ ಗಣಿತ ಮಾಸ್ತರ

ಅಕ್ಕಾರ, ತೂಗುವ ಮಾತಿಗೆ ಹೆನ್ರಿ ಸ್ಲೆಸರ್‌ರ 'ಎಕ್ಸಾಮಿನೇಷನ್ ಡೇ' ನೆನಪಾಯಿತು. 1958ರದ್ದು, ನಾಲ್ಕೈದು ಪುಟ. ಹನ್ನೆರಡು ತುಂಬಿದ ಡಿಕಿಗೆ ಸರ್ಕಾರದ ಬುದ್ಧಿ ಪರೀಕ್ಷೆ ಇದೆ. ಅಪ್ಪ ಅಮ್ಮ ಯಾಕೆ ಅಷ್ಟು ಹೆದರಿದ್ದಾರೆ ಅಂತ ನಮಗೆ ತಿಳಿಯುವುದಿಲ್ಲ. ಕೊನೆಗೆ ಫೋನ್ ಬರುತ್ತದೆ. ಹುಡುಗನ ಬುದ್ಧಿ ಸರ್ಕಾರದ ಮಿತಿಗಿಂತ ಜಾಸ್ತಿ ಇತ್ತು, ಶವಸಂಸ್ಕಾರ ನಾವು ಮಾಡಬೇಕೋ ನೀವು ಮಾಡುತ್ತೀರೋ ಅಂತ ಕೇಳುತ್ತಾರೆ. ಹತ್ತನೇ ತರಗತಿಗೆ ಓದಿ ಹೇಳಿದಾಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದ ಪ್ರಶ್ನೆ ಮರೆಯಲಾರೆ: ಸರ, ಅವರಪ್ಪಗ ಗೊತ್ತಿತ್ತಲ್ಲ, ಮಗಗ ಯಾಕ ಹೇಳಲಿಲ್ಲ?

ಸಪ್ತಾಪುರ ಸೈಕಾಲಜಿ

ಮಾಸ್ತರ, ಆ ಹುಡುಗಿಗೆ ನನ್ನ ಪರವಾಗಿ ಶಭಾಷ್ ಹೇಳಿ.

ಮಕ್ಕಳಿಗೆ ಯಾವುದರಿಂದ ಶುರು ಮಾಡಬಹುದು ಅಂತ ಕೇಳಿದರೆ ನಾನು ಅಸಿಮೋವ್‌ರ 'ದ ಫನ್ ದೇ ಹ್ಯಾಡ್' ಅನ್ನುತ್ತೇನೆ. 1951ರದ್ದು. ಸಿಬಿಎಸ್‌ಇ ಒಂಬತ್ತನೇ ತರಗತಿಯ 'ಬೀಹೈವ್' ಪುಸ್ತಕದಲ್ಲಿ ಮೊದಲ ಪಾಠವಾಗಿತ್ತು, ಹಾಗಾಗಿ ಎಷ್ಟೋ ಮಕ್ಕಳು ಓದಿದ್ದಾರೆ. 2157ರ ಮಾರ್ಜಿ ಮನೆಯಲ್ಲೇ ಯಂತ್ರದ ಟೀಚರ್ ಹತ್ತಿರ ಕಲಿಯುತ್ತಾಳೆ. ಹಿಂದೆ ಮಕ್ಕಳೆಲ್ಲ ಒಂದೇ ಕಟ್ಟಡದಲ್ಲಿ ಕೂಡಿ ಕಲಿಯುತ್ತಿದ್ದರು ಅಂತ ಕೇಳಿ ಅವಳಿಗೆ ಆಸೆಯಾಗುತ್ತದೆ. ಕೊರೊನಾ ಕಾಲದಲ್ಲಿ ನನ್ನ ತಂಗಿ ಇದನ್ನು ಮೊಬೈಲ್ ಕ್ಲಾಸಿನಲ್ಲೇ ಓದಿದಳು. ಯಾರೂ ವಿವರಿಸಬೇಕಾಗಲಿಲ್ಲ.

ಸಾಧನಕೇರಿ ಓದುಗ

ನಮ್ಮ ಬಳಗಕ್ಕೆ ಕೊನೆಯ ಕಥೆಯಾಗಿ ನಾನು ಅಸಿಮೋವ್‌ರದೇ 'ದ ಅಗ್ಲಿ ಲಿಟಲ್ ಬಾಯ್' ಇಟ್ಟಿದ್ದೇನೆ. 1958ರಲ್ಲಿ ಬಂದದ್ದು. ನಿಯಾಂಡರ್ತಲ್ ಎಂಬ ಆದಿಮಾನವರ ಕಾಲದ ಒಂದು ಸಣ್ಣ ಹುಡುಗನನ್ನು ವಿಜ್ಞಾನಿಗಳು ಇಂದಿನ ಕಾಲಕ್ಕೆ ಎಳೆದು ತರುತ್ತಾರೆ. ಪತ್ರಿಕೆಯವರಿಗೆ ಅವನು ಮಂಗ. ಕಂಪನಿಗೆ ಅವನು ಪ್ರಯೋಗ. ನೋಡಿಕೊಳ್ಳಲು ಬಂದ ನರ್ಸ್ ಈಡಿತ್ ಫೆಲೋಸ್‌ಗೂ ಮೊದಲ ದಿನ ಅವನನ್ನು ಕಂಡು ಅಸಹ್ಯವೇ. ದಿನ ಕಳೆದಂತೆ ಅವಳು ಅವನಿಗೆ ಟಿಮಿ ಅಂತ ಹೆಸರಿಡುತ್ತಾಳೆ, ಮಾತು ಕಲಿಸುತ್ತಾಳೆ, ಓದಲು ಕಲಿಸುತ್ತಾಳೆ. ಅವನಿಗೆ ಬೀಳುವ ಕನಸುಗಳನ್ನು ಕೂತು ಕೇಳುತ್ತಾಳೆ. ಖರ್ಚು ಜಾಸ್ತಿ ಆಯಿತು, ವಾಪಸ್ ಕಳಿಸೋಣ ಅಂತ ಕಂಪನಿ ತೀರ್ಮಾನಿಸಿದಾಗ, ಅವಳು ಅವನ ಜೊತೆ ಹೋಗಿಬಿಡುತ್ತಾಳೆ.

ಗದಗದ ಮಾಸ್ತರರ ತೊಡಕಿಗೆ ನನಗೆ ಸಿಕ್ಕ ಉತ್ತರ ಇದೊಂದೇ. ಮಗು ಇರುವ ಕಡೆ ದೊಡ್ಡವರೂ ಹೋಗಬಹುದು. ಆದರೆ ಬೆಲೆ ದೊಡ್ಡದು, ಆಕೆ ಇದ್ದ ಕಾಲವನ್ನೇ ಬಿಟ್ಟಳು.

ಹಳೇ ಹುಬ್ಬಳ್ಳಿ

ಇದನ್ನು ಓದಿ ನಾನು ಅತ್ತಿದ್ದೇನೆ ಸರ. ಅಲ್ಲಿ ವಾದ ಇಲ್ಲ.

ಒಂದು ಸಲಹೆ. ರಿಚರ್ಡ್ ಮ್ಯಾಥೆಸನ್‌ರ 'ಬಾರ್ನ್ ಆಫ್ ಮ್ಯಾನ್ ಆ್ಯಂಡ್ ವುಮನ್' ಸೇರಿಸಿ. 1950ರಲ್ಲಿ ಅಚ್ಚಾದ ಅವರ ಮೊದಲ ಕಥೆ. ನೀವು ಹೇಳಿದ 26ರ ಪಟ್ಟಿಯಲ್ಲೂ ಇದೆ. ಮೂರ್ನಾಲ್ಕು ಪುಟ. ನೆಲಮಾಳಿಗೆಯಲ್ಲಿ ಸರಪಳಿ ಹಾಕಿ ಕಟ್ಟಿದ ಎಂಟು ವರ್ಷದ ಮಗು ತಾನೇ ಬರೆದ ಮಾತು. ಮಳೆಗೆ, ಬೆಕ್ಕಿಗೆ ಏನನ್ನಬೇಕು ಅಂತಲೂ ಅದಕ್ಕೆ ಸರಿಯಾಗಿ ಗೊತ್ತಿಲ್ಲ. ಇಷ್ಟು ಹೊತ್ತು ನಾವು ಹೇಳಿದ್ದೆಲ್ಲ ದೊಡ್ಡವರು ಹೊರಗೆ ನಿಂತು ಕಂಡ ಮಕ್ಕಳ ಕಥೆ. ಇದರಲ್ಲಿ ನಾವು ಮಗುವಿನ ತಲೆಯೊಳಗೇ ಇರುತ್ತೇವೆ.

ಹಾವೇರಿಯ ಹುಡುಗ

ಕನ್ನಡದಲ್ಲಿ ಇಂಥ ಕಥೆ ಬೇಕು ಅನಿಸುತ್ತದೆ. ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಥೆಗೆ ಕನ್ನಡದಲ್ಲಿ ದಾರಿ ಮಾಡಿಕೊಟ್ಟವರು. ಆ ದಾರಿಯಲ್ಲಿ ಮಗುವಿನ ಮನಸ್ಸೇ ಕೇಂದ್ರವಾದ ಕಥೆಗಳನ್ನು ನಮ್ಮ ಕಡೆಯವರು ಬರೆಯಬೇಕು. ರಾಣೆಬೆನ್ನೂರಿನ ಸಂತೆಯಲ್ಲಿ ಆ ಆಟಿಕೆಯ ಪೆಟ್ಟಿಗೆ ಸಿಕ್ಕಿದ್ದರೆ? ನಾನು ಒಂದು ಶುರು ಮಾಡಿದ್ದೇನೆ. ಹುಡುಗಿಗೆ ಎಂಟು ವರ್ಷ, ಅಜ್ಜಿಗೆ ಮಾತ್ರ ಅವಳ ಮಾತು ತಿಳಿಯುತ್ತದೆ.

ಉಣಕಲ್ ಅಕ್ಕ

ಬರೆದು ಇಲ್ಲೇ ಹಾಕು ತಮ್ಮಾ. ನನ್ನ ಮಗನಿಗೂ ಓದಲು ಕೊಡುತ್ತೇನೆ. ಹಳೇ ಹುಬ್ಬಳ್ಳಿ ಅಣ್ಣಾ, ಮ್ಯಾಥೆಸನ್ ಕಥೆಯನ್ನು ಸಣ್ಣ ಮಕ್ಕಳಿಗೆ ಬೇಡ. ಪಿಯುಸಿ ದಾಟಿದವರಿಗೆ ಇರಲಿ, ಅದೂ ಯಾರಾದರೂ ಜೊತೆಗೆ ಕೂತು ಓದಿದರೆ ಒಳ್ಳೇದು.